ಗುರುಗಳ ತಂಬೂರಿಯ ಶ್ರುತಿ ಇಳಿಸಿದ್ದು

ಗೋವಿಂದರಾಜನಗರದಲ್ಲಿ ಫ್ಯಾನ್ಸಿ ಸ್ಟೋರಿನ ಮೇಲಿರುವ ನನ್ನ ಬಾಡಿಗೆ ಮನೆಯಲ್ಲಿ, ಹಾಲ್‌ನ ಬಾಗಿಲ ಹಿಂದೆ ಒಂದು ಹಾಳೆ ಅಂಟಿಸಿದ್ದೇನೆ. ಸಂಗೀತ ಪಾಠಕ್ಕೆ ಸೇರುವವರು ಮೊದಲ ದಿನ ಅದನ್ನು ನನ್ನೆದುರು ಜೋರಾಗಿ ಓದಬೇಕು. ತಡವಾಗಿ ಬಂದರೆ ಉಳಿದ ಹೊತ್ತಷ್ಟೇ ಪಾಠ. ಹೊಟ್ಟೆ ಬಿರಿಯುವಂತೆ ತಿಂದು ಬರಕೂಡದು. ನೀವು ತಪ್ಪಿಸಿದ ಪಾಠ ಹೋಯಿತು, ನಾನು ತಪ್ಪಿಸಿದ್ದು ಮತ್ತೆ ಸಿಗುತ್ತದೆ. ಅಭ್ಯಾಸ ಮಾಡದೆ ಬಂದವರು ಅಂದು ಹಾಡುವಂತಿಲ್ಲ, ಕೂತು ಕೇಳಬೇಕು. ಅಮ್ಮಂದಿರು ಒಳಗೆ ಕೂರುವಂತಿಲ್ಲ. ಇಷ್ಟನ್ನು ಯಾವ ಟೀಚರ್ ಬೇಕಾದರೂ ಬರೆದಾರು. ಮಿಕ್ಕ ಎರಡು ಮಾತ್ರ ನನ್ನ ಗುರುಗಳಿಂದ ಬಂದವು. ಇನ್ನೊಬ್ಬರ ಬಳಿ ಪಾಠಕ್ಕೆ ಹೋಗಬಾರದು. ಮನೆಯಲ್ಲಿ ಅಭ್ಯಾಸ ಮಾಡುವಾಗಲೂ ಐದೂವರೆ ಮನೆ ಶ್ರುತಿಯಲ್ಲೇ ಮಾಡಬೇಕು.

ಸಂಗೀತ ಗೊತ್ತಿಲ್ಲದವರಿಗಾಗಿ ಒಂದು ಮಾತು. ಹಾರ್ಮೋನಿಯಂನ ಯಾವ ಮನೆಯನ್ನು, ಅಂದರೆ ಒತ್ತುವ ಕೀಲಿಯನ್ನು, ನೀವು ‘ಸ’ ಎಂದು ಹಿಡಿಯುತ್ತೀರೋ ಅದೇ ನಿಮ್ಮ ಶ್ರುತಿ; ಮನೆಯ ಸಂಖ್ಯೆ ಏರಿದಷ್ಟೂ ಶ್ರುತಿ ಎತ್ತರ. ಹೆಂಗಸರದು ಸಾಮಾನ್ಯವಾಗಿ ಐದರ ಆಸುಪಾಸಿನಲ್ಲಿರುತ್ತದೆ. ನಮ್ಮ ಗುರುಗಳದು ಐದೂವರೆ. ರಾಜಾಜಿನಗರದ ಅವರ ಮನೆಯಲ್ಲಿ ಕಲಿತ ಹುಡುಗಿಯರೆಲ್ಲ ಐದೂವರೆಯಲ್ಲೇ ಹಾಡಬೇಕಿತ್ತು. “ಶ್ರುತಿ ನಿನ್ನ ಹತ್ರ ಇಳಿದು ಬರಲ್ಲ, ನೀನೇ ಹತ್ತಿ ಹೋಗ್ಬೇಕು” ಎನ್ನುತ್ತಿದ್ದರು ಆಕೆ. ನನಗೆ ಹತ್ತುವ ಕಷ್ಟವೇ ಬರಲಿಲ್ಲ. ನನ್ನ ಗಂಟಲು ಹುಟ್ಟಿದ್ದೇ ಆ ಮನೆಯಲ್ಲಿ.

ಕಷ್ಟಪಟ್ಟವಳು ನನ್ನ ಪಕ್ಕದಲ್ಲಿ ಕೂರುತ್ತಿದ್ದವಳು. ಈಗ ಅವಳ ಮನೆ ಬಸವೇಶ್ವರನಗರದಲ್ಲಿರುವುದರಿಂದ ಇಲ್ಲಿ ಅವಳನ್ನು ಹಾಗೆಯೇ ಕರೆಯುತ್ತೇನೆ, ಬಸವೇಶ್ವರನಗರದವಳು. ಮೇಲಿನ ಸ್ವರಗಳಿಗೆ ಹೋದರೆ ಅವಳ ಕತ್ತಿನ ನರ ಉಬ್ಬುತ್ತಿತ್ತು, ಧ್ವನಿ ಕೀರಲಾಗುತ್ತಿತ್ತು. ಗುರುಗಳು ನನ್ನ ಕಡೆ ಕೈ ತೋರಿಸಿ, “ಇವಳನ್ನ ನೋಡಿ ಕಲಿ” ಅನ್ನುತ್ತಿದ್ದರು. ಆ ಮಾತನ್ನು ನಾನು ಮನೆಗೆ ಹೋಗುವ ಬಸ್ಸಿನಲ್ಲಿ ಮತ್ತೆ ಮತ್ತೆ ನೆನೆದು ಖುಷಿಪಡುತ್ತಿದ್ದೆ.

ಗುರುಗಳು ಹೋದ ಮೇಲೆ ಅವಳು ಸದ್ದಿಲ್ಲದೆ ಒಂದು ಮನೆ ಇಳಿಸಿಕೊಂಡು ನಾಲ್ಕೂವರೆಯಲ್ಲಿ ಹಾಡತೊಡಗಿದಳು. ಆಮೇಲೆ ನಡೆದದ್ದು ನನ್ನ ಹೊಟ್ಟೆಗೆ ಇವತ್ತಿಗೂ ಒಗ್ಗಿಲ್ಲ. ರೇಡಿಯೋಕ್ಕೆ ಕರೆದರು, ಸಭೆಗಳಿಗೆ ಕರೆದರು, ರಾಮನವಮಿಗೆ ಮಲ್ಲೇಶ್ವರದಲ್ಲಿ ಅವಳ ಫೋಟೋ ಇದ್ದ ಬ್ಯಾನರ್ ಕಟ್ಟಿದರು. ನನ್ನ ಬಳಿ ಮಕ್ಕಳು ಸರಳೆ ವರಸೆಯ ಮೊದಲ ಪಾಠ ಕಲಿಯುತ್ತಿದ್ದರು. “ಒಂದು ಮನೆ ಇಳಿಸ್ಕೊಂಡ್ರೆ ಯಾರ್ ಬೇಕಾದ್ರೂ ಹಾಡ್ತಾರೆ” ಎಂದು ಕಂಡಕಂಡವರಿಗೆಲ್ಲ ಹೇಳಿದೆ. ಹೌದು ಅಂದವರು ಒಬ್ಬರೂ ಇಲ್ಲ.

ನನಗಿದ್ದ ಸಮಾಧಾನ ವರ್ಷಕ್ಕೊಂದು ದಿನದ್ದು. ಗುರುಗಳ ಆರಾಧನೆಯ ದಿನ ನಾವು ಶಿಷ್ಯೆಯರೆಲ್ಲ ಅವರ ಮನೆಯಲ್ಲಿ ಸೇರುತ್ತೇವೆ. ನಾವು ಒಂದೊಂದು ಕೃತಿ ಹಾಡುತ್ತೇವೆ, ಕೊನೆಯ ಇಬ್ಬರು ಕೂರುವ ಮೊದಲು ನಮ್ಮಲ್ಲೊಬ್ಬರು ತಮ್ಮ ವಿದ್ಯಾರ್ಥಿಯನ್ನು ಹಾಡಿಸುತ್ತಾರೆ. ಗುರುಗಳ ತಂಬೂರಿಯನ್ನು ಅವರ ಮಗಳು ಬೆಳಿಗ್ಗೆಯೇ ಐದೂವರೆಗೆ ಕೂಡಿಸಿ, ಕುಂಕುಮ ಇಟ್ಟು, ಹೂ ಮುಡಿಸುತ್ತಾರೆ. ಸಂಜೆಯವರೆಗೆ ಅದರ ತಂತಿ ಬಿಗಿಯುವ ಬಿರಡೆ ಯಾರೂ ಮುಟ್ಟುವಂತಿಲ್ಲ. ಎಲ್ಲರೂ ಆ ಶ್ರುತಿಗೇ ಹಾಡಬೇಕು, ರೇಡಿಯೋದಲ್ಲಿ ಹಾಡುವವಳೂ. ಕಡೆಯಲ್ಲಿ ಸೇರಿದವರು ಮೊದಲು ಹಾಡುವ ಪದ್ಧತಿ ಇರುವುದರಿಂದ ಅವಳ ಸರದಿ ಕೊನೆಯಿಂದ ಎರಡನೆಯದು, ನನ್ನದು ಕೊನೆಯದು. ಅವಳು ಅಂದು ಭಕ್ತಿಯಿಂದ ಐದೂವರೆಗೆ ಹತ್ತಿ, ಕತ್ತು ಉಬ್ಬಿಸಿ, ಹೇಗೋ ಮುಗಿಸಿ ಏಳುತ್ತಿದ್ದಳು. ಅದನ್ನು ಕೇಳಿ ಮುಗಿಸಿದ ಕಿವಿಗಳಿಗೆ ನಾನು ಹಾಡುತ್ತಿದ್ದೆ. ವರ್ಷಪೂರ್ತಿ ನಾನು ಕಾಯುತ್ತಿದ್ದದ್ದು ಆ ಹತ್ತು ನಿಮಿಷಕ್ಕೆ.

ಕಳೆದ ಆರಾಧನೆಗೆ ನಾನು ಹಾಡಿಸಬೇಕೆಂದುಕೊಂಡದ್ದು ಲಗ್ಗೆರೆಯಿಂದ ಬರುವ ಒಬ್ಬಳನ್ನು. ಅವಳಿಗೆ ಮೂವತ್ತರ ಹತ್ತಿರ ವಯಸ್ಸು, ಒಂದು ಲ್ಯಾಬಿನಲ್ಲಿ ಕೆಲಸ. ಬೆಳಿಗ್ಗೆ ಸ್ಕೂಟರಿನಲ್ಲಿ ಮನೆಮನೆಗೆ ಹೋಗಿ ಶುಗರ್, ಥೈರಾಯ್ಡ್ ಪರೀಕ್ಷೆಗೆ ರಕ್ತ ತೆಗೆದುಕೊಂಡು ಬರುತ್ತಾಳೆ. ಸಂಜೆ ಅದೇ ಸ್ಯಾಂಪಲ್ ಡಬ್ಬಿಯನ್ನು ನನ್ನ ಬಾಗಿಲ ಬಳಿ ಇಟ್ಟು, ಕೈ ತೊಳೆದು ಪಾಠಕ್ಕೆ ಕೂರುತ್ತಾಳೆ. ಇಷ್ಟು ವರ್ಷಗಳಲ್ಲಿ ನನಗೆ ಸಿಕ್ಕ ಹಾಡುಗಾರ್ತಿ ಎಂದರೆ ಇವಳೊಬ್ಬಳೇ. ಕೆಳಗಿನ ಸ್ವರಗಳಲ್ಲಿ ಅವಳ ಧ್ವನಿ ಗಟ್ಟಿ ಮೊಸರಿನಂತೆ ನಿಲ್ಲುತ್ತಿತ್ತು. ಬಸವೇಶ್ವರನಗರದವಳ ಎದುರು ಇವಳನ್ನು ಕೂರಿಸಿ, ನೋಡು, ನಾನು ತಯಾರು ಮಾಡಿದ್ದು ಎನ್ನಬೇಕು, ಅದೇ ನನ್ನ ಆಸೆ. ಆ ಆಸೆಯಲ್ಲಿ ಸಂಗೀತ ಎಷ್ಟಿತ್ತು, ಹೊಟ್ಟೆಕಿಚ್ಚು ಎಷ್ಟಿತ್ತು ಎಂದು ಕೇಳಿದರೆ ಎರಡನೆಯದೇ ಜಾಸ್ತಿ.

ಕಲ್ಯಾಣಿಯ ಒಂದು ಕೃತಿ ಆರಿಸಿದೆ. ಅದರ ಚರಣದಲ್ಲಿ ಮೇಲಿನ ಸ್ಥಾಯಿಯ ಗಾಂಧಾರದಲ್ಲಿ ನಿಂತು, ಅಲ್ಲಿಂದ ನಿಧಾನವಾಗಿ ಇಳಿಯುವ ಒಂದು ಸಾಲಿದೆ. ಅಲ್ಲಿ ಅವಳ ಗಂಟಲು ಬಾಗಿಲು ಹಾಕಿಕೊಳ್ಳುತ್ತಿತ್ತು. ಸಾಲನ್ನು ತುಂಡು ಮಾಡಿದೆ. ಮೊದಲು ಮೇಲಿನ ಷಡ್ಜದಲ್ಲಿ ಉಸಿರು ಮುಗಿಯುವ ತನಕ ನಿಲ್ಲಿಸಿದೆ, ಆಮೇಲೆ ರಿಷಭದಲ್ಲಿ. ಬಾಯಿ ಮುಚ್ಚಿ ಗುನುಗಿಸಿದೆ, ಸಾಹಿತ್ಯ ಬಿಟ್ಟು ಬರೀ ಅಕಾರದಲ್ಲಿ ಹಾಡಿಸಿದೆ. ದನಿ ಅರ್ಧ ಮಾಡು ಎಂದೆ, ಭುಜ ಇಳಿಸು ಎಂದೆ. ಗಾಂಧಾರ ಬಂದರೂ ಹಿಂಡಿ ತೆಗೆದ ಹಾಗೆ ಬರುತ್ತಿತ್ತು. ಇನ್ನಷ್ಟು ಹತ್ತಿಸಿದೆ. ಕೊನೆಗೆ ಅವಳ ಗಂಟಲು ಕಟ್ಟಿ, ಒಂದು ವಾರ ಪಾಠವೇ ನಿಂತಿತು.

“ಮಿಸ್, ನಂಗೆ ಆಗಲ್ವೇನೋ. ಈ ವರ್ಷ ಬೇರೆ ಯಾರನ್ನಾದ್ರೂ ಹಾಡ್ಸಿ” ಎಂದಳು.

“ಆಗಲ್ಲ ಅನ್ನೋ ಮಾತು ನನ್ನ ಮನೇಲಿ ಇಲ್ಲ. ಅಭ್ಯಾಸ ಸಾಲ್ದು, ಅಷ್ಟೇ” ಎಂದೆ.

ಗಂಟಲು ಸರಿಹೋಗಿ ಅವಳು ಮತ್ತೆ ಬಂದ ದಿನ ನಾನು ಹಾಲ್‌ನಲ್ಲಿ ತರಕಾರಿ ಹೆಚ್ಚುತ್ತಿದ್ದೆ. ಅವಳು ಮೆಟ್ಟಿಲ ಬಳಿ ಚಪ್ಪಲಿ ಬಿಡುತ್ತ ಅದೇ ಕಲ್ಯಾಣಿಯನ್ನು ಗುನುಗುತ್ತಿದ್ದಳು. ನನ್ನ ಚಾಕು ನಿಂತಿತು. ಅವಳ ‘ಸ’ ಕೆಳಗಿತ್ತು. ದಿನವೂ ಒಂದೇ ಶ್ರುತಿಯಲ್ಲಿ ಅಭ್ಯಾಸ ಮಾಡುವವರು ತಂಬೂರಿಯಿಲ್ಲದೆ ಬಾಯಿ ತೆರೆದರೂ ನಾಲಿಗೆಗೆ ಬರುವುದು ಅದೇ ಶ್ರುತಿ. ಎದ್ದು ಹೋಗಿ ಹಾರ್ಮೋನಿಯಂ ಒತ್ತಿ ನೋಡಿದೆ. ನಾಲ್ಕೂವರೆ.

ಒಮ್ಮೆ ಹೀಗಾದರೆ ದಣಿವು ಎನ್ನಬಹುದು. ಮುಂದಿನ ಪಾಠದಲ್ಲಿ ಶ್ರುತಿಪೆಟ್ಟಿಗೆ ಹಾಕುವ ಮೊದಲೇ, “ಸುಮ್ನೆ ಒಂದು ಸ ಹಿಡಿ” ಎಂದೆ. ಮತ್ತೆ ನಾಲ್ಕೂವರೆ. ಗಂಡನ ಅಂಗಿಯಲ್ಲಿ ಬೇರೆ ಮನೆಯ ಸೋಪಿನ ವಾಸನೆ ಬಂದರೆ ಹೇಗಾಗಬಹುದೋ ಹಾಗಾಯಿತು ನನಗೆ. ಈ ಪಶ್ಚಿಮ ಬೆಂಗಳೂರಿನಲ್ಲಿ ನಾಲ್ಕೂವರೆಯಲ್ಲಿ ಹಾಡುವ ಹೆಂಗಸು ಯಾರೆಂದು ನನಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

“ಬಸವೇಶ್ವರನಗರಕ್ಕೆ ಎಷ್ಟು ದಿನದಿಂದ ಹೋಗ್ತಿದೀಯ?” ಎಂದು ಕೇಳಿದೆ.

“ಪಾಠಕ್ಕಲ್ಲ ಮಿಸ್, ದೇವರಾಣೆ. ರಕ್ತ ತೆಗೆಯೋಕೆ.”

ವಿಷಯ ಇಷ್ಟು. ಬಸವೇಶ್ವರನಗರದವಳಿಗೆ ಶುಗರ್ ಬಂದಿದೆ. ಪರೀಕ್ಷೆಗೆ ಲ್ಯಾಬಿನಿಂದ ಇವಳನ್ನು ಕಳಿಸುತ್ತಾರೆ. ಒಂದು ಬೆಳಿಗ್ಗೆ ಇವಳು ಸೂಜಿ ಬಿಚ್ಚುತ್ತ ಗುನುಗಿದ್ದಾಳೆ. ಅವಳು ಕೈ ಚಾಚಿಕೊಂಡೇ, ಯಾರ ಹತ್ತಿರ ಕಲಿಯುತ್ತಿದ್ದೀಯ ಎಂದು ಕೇಳಿದ್ದಾಳೆ. ನನ್ನ ಹೆಸರು ಕೇಳಿ ನಕ್ಕಿದ್ದಾಳೆ.

“ನಕ್ಕಳಾ?”

“ಕೆಟ್ಟದಾಗಲ್ಲ ಮಿಸ್. ಆಮೇಲೆ ‘ಇನ್ನೂ ಐದೂವರೆನಾ’ ಅಂದ್ರು. ಹೌದು ಅಂದೆ. ‘ಮನೇಲಿ ಒಂದು ಸಲ ನಾಲ್ಕೂವರೆ ಹಾಕ್ಕೊಂಡು ಹಾಡಿ ನೋಡಮ್ಮ’ ಅಂದ್ರು. ಅಷ್ಟೇ. ಬೇರೆ ಏನೂ ಹೇಳ್ಕೊಟ್ಟಿಲ್ಲ.”

“ಹಾಡಿ ನೋಡಿದ್ಯಾ?”

ಅವಳು ತಲೆ ತಗ್ಗಿಸಿದಳು. “ಆರಾಮಾಗಿತ್ತು ಮಿಸ್. ಆಮೇಲೆ ಬಿಡೋಕಾಗ್ಲಿಲ್ಲ.”

ನಾನು ಬಾಗಿಲ ಹಿಂದಿನ ಹಾಳೆ ತೋರಿಸಿದೆ. ಇವತ್ತು ಪಾಠ ಇಲ್ಲ, ಮುಂದೆ ಪಾಠ ಇದೆಯೋ ಇಲ್ಲವೋ ಹೇಳಿಕಳಿಸುತ್ತೇನೆ ಎಂದೆ. ಅವಳು ಡಬ್ಬಿ ಎತ್ತಿಕೊಂಡು ಇಳಿದು ಹೋದಳು. ಅವಳ ಸ್ಕೂಟರಿನ ಸದ್ದು ಮಾಗಡಿ ರಸ್ತೆಯ ಕಡೆಗೆ ಕರಗುವವರೆಗೂ ನಾನು ಕಿಟಕಿಯಲ್ಲೇ ನಿಂತಿದ್ದೆ.

ಆ ವಾರ ನಾನು ಮನುಷ್ಯಳಾಗಿರಲಿಲ್ಲ. ಅವಳು ಕದ್ದು ಪಾಠಕ್ಕೆ ಹೋಗಿದ್ದರೆ ನನಗೆ ಇಷ್ಟು ಉರಿಯುತ್ತಿರಲಿಲ್ಲ. ನಾಲ್ಕು ವರ್ಷ ನಾನು ಉಸಿರು ಕಟ್ಟಿ ಕಲಿಸಿದ್ದೇನೆ. ಬಸವೇಶ್ವರನಗರದವಳು ತೋಳಿಗೆ ಹತ್ತಿ ಒತ್ತಿಕೊಂಡು ಹೇಳಿದ್ದು ಒಂದೇ ಮಾತು. ಆ ಒಂದು ಮಾತು ನನ್ನ ನಾಲ್ಕು ವರ್ಷವನ್ನು ಪಕ್ಕಕ್ಕೆ ತಳ್ಳಿ ಕೂತಿತ್ತು. ಪಾಠದ ಚಿಕ್ಕ ಮಕ್ಕಳನ್ನು ಸುಮ್ಮಸುಮ್ಮನೆ ಗದರಿದೆ. ಹಾಲು ಉಕ್ಕಿಸಿದೆ. ಅವಳ ಶುಗರ್ ಎಷ್ಟಿದೆಯೋ ಕೇಳಬೇಕಿತ್ತು ಎಂದು ಕೂಡ ಅನಿಸಿತು.

ಕೊನೆಗೆ ಒಂದು ಮಧ್ಯಾಹ್ನ, ಏನಿದೆ ಆ ನಾಲ್ಕೂವರೆಯಲ್ಲಿ ನೋಡಿಯೇಬಿಡೋಣ ಎಂದು ಬಾಗಿಲು ಹಾಕಿಕೊಂಡು ಶ್ರುತಿಪೆಟ್ಟಿಗೆಯನ್ನು ಅಲ್ಲಿಗೆ ತಿರುಗಿಸಿದೆ. ಅದೇ ಕಲ್ಯಾಣಿ ಹಾಡಿದೆ. ಮೇಲೆ ಸಲೀಸು. ಕೆಳಗೆ ಮಂದ್ರದ ಪಂಚಮಕ್ಕೆ ಇಳಿದರೆ ಬರೀ ಗಾಳಿ. ಇನ್ನೊಮ್ಮೆ ಪ್ರಯತ್ನಿಸಿದೆ, ಗಲ್ಲ ಎದೆಗೆ ಅಂಟಿಸಿ ಒತ್ತಿದೆ, ಭುಜ ಬಿಗಿದೆ. ಲ್ಯಾಬಿನವಳು ಮೇಲಿನ ಗಾಂಧಾರಕ್ಕೆ ಏನೇನು ಮಾಡುತ್ತಿದ್ದಳೋ ಅದನ್ನೇ ನಾನು ಕೆಳಗಿನ ಪಂಚಮಕ್ಕೆ ಮಾಡುತ್ತಿದ್ದೆ. ಎಷ್ಟು ಅಭ್ಯಾಸ ಮಾಡಿದರೂ ಆ ಪಂಚಮ ನನಗೆ ಬರುವುದಿಲ್ಲ ಎಂಬುದು ಹತ್ತು ನಿಮಿಷದಲ್ಲಿ ಗೊತ್ತಾಯಿತು. ಪೆಟ್ಟಿಗೆ ಆರಿಸಿ ಲ್ಯಾಬಿನವಳಿಗೆ ಫೋನ್ ಮಾಡಿದೆ.

ಶನಿವಾರ ಅವಳು ಹೆದರಿಕೊಂಡೇ ಬಂದು ಕೂತಳು. ನಾನು ಶ್ರುತಿಪೆಟ್ಟಿಗೆಯನ್ನು ನಾಲ್ಕೂವರೆಗೆ ಇಟ್ಟು “ಚರಣ ಹಾಡು” ಎಂದೆ. ಅವಳು ನನ್ನ ಮುಖ ನೋಡಿದಳು, ಪೆಟ್ಟಿಗೆ ನೋಡಿದಳು, ಹಾಡಿದಳು. ಗಾಂಧಾರಕ್ಕೆ ಹೋದಳು, ನಿಂತಳು, ಇನ್ನೂ ಸ್ವಲ್ಪ ಹೊತ್ತು ನಿಂತಳು, ನಿಧಾನವಾಗಿ ಇಳಿದಳು. ನಾನು ನೀರು ತರುವ ನೆಪದಲ್ಲಿ ಅಡುಗೆಮನೆಗೆ ಹೋಗಿ ಸಿಂಕಿನ ಎದುರು ನಿಂತೆ. ಕಣ್ಣಲ್ಲಿ ನೀರು ಬಂದಿತ್ತು. ಅರ್ಧ ಸಂತೋಷದ್ದು, ಇನ್ನರ್ಧ ಬಸವೇಶ್ವರನಗರದವಳ ಮಾತೇ ನಿಜವಾಯಿತಲ್ಲ ಎಂಬುದಕ್ಕೆ.

ಉಳಿದದ್ದು ಆರಾಧನೆ. ಗುರುಗಳ ಮಗಳಿಗೆ ಫೋನ್ ಮಾಡಿ, ನನ್ನ ವಿದ್ಯಾರ್ಥಿನಿ ಮೊಬೈಲಿನ ತಂಬೂರಿಗೆ ಹಾಡಬಹುದೇ ಎಂದು ಕೇಳಿದೆ. “ಅಮ್ಮನ ತಂಬೂರಿ ಎದುರಿಗೆ ಇಟ್ಕೊಂಡು ಮೊಬೈಲಾ? ನೀವೇ ಹೀಗೆ ಕೇಳ್ತೀರಾ ಅಕ್ಕಾ?” ಎಂದರು ಆಕೆ. ಫೋನ್ ಇಟ್ಟೆ. ಲ್ಯಾಬಿನವಳಿಗೆ, ಅಂದೊಂದು ದಿನ ಐದೂವರೆಯಲ್ಲೇ ಹೇಗೋ ದಾಟಿಸಿಬಿಡು ಎಂದು ಹೇಳಿದೆ. ಅವಳು ಹೂಂ ಎಂದಳು.

ಆ ದಿನ ಗುರುಗಳ ಮನೆಯ ಹಾಲ್ ತುಂಬಿತ್ತು. ಬಸವೇಶ್ವರನಗರದವಳು ಮುಂದಿನ ಸಾಲಿನಲ್ಲಿ ಕೂತಿದ್ದಳು, ಸ್ವಲ್ಪ ಸಣ್ಣಗಾಗಿದ್ದಳು. ನನ್ನ ವಿದ್ಯಾರ್ಥಿನಿಯ ಸರದಿ ಬಂದಾಗ ನಾನು ತಂಬೂರಿ ಹಿಡಿದು ಅವಳ ಹಿಂದೆ ಕೂತೆ. ತಂತಿ ಮೀಟಿದೆ. ಅವಳು ಷಡ್ಜ ಹಿಡಿದಳು. ಹಿಂದಿನಿಂದ ಅವಳ ಭುಜ ಮೇಲೇರುವುದು ಕಂಡಿತು. ಆ ಭುಜಗಳನ್ನು ನಾನು ಮೊದಲೂ ನೋಡಿದ್ದೆ. ಇದೇ ಹಾಲ್‌ನಲ್ಲಿ, ನನ್ನ ಪಕ್ಕದಲ್ಲಿ, ವರ್ಷಗಟ್ಟಲೆ ನೋಡಿದ್ದೆ, ನೋಡಿ ಖುಷಿಪಟ್ಟಿದ್ದೆ.

ನಾನು ಮೀಟುವುದನ್ನು ನಿಲ್ಲಿಸಿದೆ. “ಸ್ವಲ್ಪ ಇರು” ಎಂದು ಅವಳಿಗೆ ಹೇಳಿ, ಹೂವನ್ನು ಪಕ್ಕಕ್ಕೆ ಸರಿಸಿ ಬಿರಡೆಗೆ ಕೈ ಹಾಕಿದೆ.

ತಂಬೂರಿಯ ಶ್ರುತಿ ಇಳಿಸುವುದು ಪೆಟ್ಟಿಗೆಯ ಗುಂಡಿ ತಿರುಗಿಸಿದ ಹಾಗಲ್ಲ. ನಾಲ್ಕು ತಂತಿಗಳನ್ನೂ ಒಂದೊಂದಾಗಿ ಸಡಿಲಿಸಬೇಕು. ಸಡಿಲಿಸಿದ ತಂತಿ ತಕ್ಷಣ ನಿಲ್ಲುವುದಿಲ್ಲ, ಜಾರುತ್ತದೆ. ಮತ್ತೆ ಹಿಡಿದು, ಕೆಳಗಿನ ಮಣಿಗಳನ್ನು ಕೂದಲೆಳೆಯಷ್ಟು ಸರಿಸಿ, ತಂತಿಯ ಅಡಿಯ ದಾರವನ್ನು ಎಳೆದು ನಾದ ಬಿಡಿಸಬೇಕು. ಯಾರೋ “ಏನ್ ಮಾಡ್ತಿದಾರೆ?” ಎಂದು ಪಿಸುಗುಟ್ಟಿದರು. ಗುರುಗಳ ಮಗಳು ಎದ್ದು ನಿಂತಿದ್ದರು. ನನ್ನ ಬೆರಳು ಬೆವರಿ ಬಿರಡೆ ಜಾರುತ್ತಿತ್ತು, ಸೆರಗಿನಿಂದ ಹಿಡಿದು ತಿರುಗಿಸಿದೆ. ತಲೆ ಎತ್ತಿ ನೋಡಲಿಲ್ಲ. ಕಡೆಯ ತಂತಿ ಕೂಡಿಕೊಂಡಾಗ ಅವಳ ಬೆನ್ನಿಗೆ ಮೆಲ್ಲಗೆ ತಟ್ಟಿದೆ.

ಅವಳು ಹಾಡಿದ್ದನ್ನು ನಾನು ಹೊಗಳಬಾರದು, ನನ್ನ ವಿದ್ಯಾರ್ಥಿನಿ. ಗಾಂಧಾರದಲ್ಲಿ ಅವಳು ನಿಂತಾಗ ಹಿಂದಿನ ಸಾಲಿನಲ್ಲಿ ಯಾರೋ “ಆಹಾ” ಎಂದರು. ಅಷ್ಟು ಸಾಕು.

ಮುಂದಿನ ಸರದಿ ಬಸವೇಶ್ವರನಗರದವಳದು. ಅವಳು ಬಂದು ನನ್ನ ಎದುರು ಕೂತಳು. ತಂಬೂರಿ ಇನ್ನೂ ನಾಲ್ಕೂವರೆಯಲ್ಲಿತ್ತು. ನನ್ನ ಕೈ ತಾನಾಗಿಯೇ ಬಿರಡೆಗೆ ಹೋಯಿತು, ಮತ್ತೆ ಐದೂವರೆಗೆ ಏರಿಸಲು. ಅವಳು ನನ್ನ ಕೈಯನ್ನೇ ನೋಡಿದಳು.

“ಇವತ್ತೊಂದು ದಿನ ಹಾಗೇ ಬಿಡ್ತೀಯೇನೇ?” ಎಂದಳು, ನನಗೊಬ್ಬಳಿಗೇ ಕೇಳುವ ಹಾಗೆ.

ಏರಿಸಿದ್ದರೆ ಕೇಳುವವರಿರಲಿಲ್ಲ. ಪದ್ಧತಿ ನನ್ನ ಕಡೆಗಿತ್ತು. ಬಿಟ್ಟರೆ ಏನಾಗುತ್ತದೆ ಎಂದೂ ನನಗೆ ಗೊತ್ತಿತ್ತು. ನನ್ನ ವರ್ಷದ ಒಂದೇ ಒಂದು ದಿನ ಹೋಗುತ್ತದೆ. ಆದರೆ ಈಗ ತಾನೇ ಒಬ್ಬಳ ಭುಜ ಇಳಿದದ್ದನ್ನು ನೋಡಿದ್ದೆ, ಅದರ ಮೇಲೆ ಇನ್ನೊಬ್ಬಳ ಭುಜ ಏರಿಸಲು ಕೈ ಬರಲಿಲ್ಲ. ಬಿರಡೆ ಬಿಟ್ಟು ತಂತಿ ಮೀಟಿದೆ.

ಅವಳು ಭೈರವಿ ಹಾಡಿದಳು. ಆ ಮನೆಯಲ್ಲಿ ಮೊದಲ ಬಾರಿಗೆ ಅವಳ ನಿಜವಾದ ಧ್ವನಿ ಕೇಳಿತು. ಕತ್ತಿನ ನರ ಎಲ್ಲಿಯೂ ಉಬ್ಬಲಿಲ್ಲ. ಕಣ್ಣು ಮುಚ್ಚಿ, ಗೋಡೆಯ ಮೇಲಿನ ಗುರುಗಳ ಫೋಟೋದ ಕಡೆಗೇ ಮುಖ ಮಾಡಿ ಹಾಡಿದಳು. ನಾನು ಶ್ರುತಿ ಹಿಡಿದುಕೊಂಡು, ಒಳಗೇ ಕೊತಕೊತ ಕುದಿಯುತ್ತ, ಒಂದು ತಂತಿಯನ್ನೂ ತಪ್ಪಿಸದೆ ಮೀಟಿದೆ. ಅಷ್ಟು ಚೆನ್ನಾಗಿತ್ತು.

ಆಮೇಲೆ ನನ್ನ ಸರದಿ. ಶ್ರುತಿ ಏರಿಸೋಣವೆಂದು ಬಿರಡೆ ಮುಟ್ಟಿದರೆ ಗುರುಗಳ ಮಗಳು ಬಂದು ಕೈ ಹಿಡಿದರು. “ಸಾಕು ಅಕ್ಕಾ, ಹಳೇ ತಂತಿ. ಇನ್ನೊಂದು ಸಲ ಎಳೆದ್ರೆ ಹೋಗುತ್ತೆ.” ಹೀಗಾಗಿ ನಾನೂ ನಾಲ್ಕೂವರೆಯಲ್ಲೇ ಹಾಡಿದೆ. ಮಂದ್ರಕ್ಕೆ ಇಳಿದಲ್ಲೆಲ್ಲ ನನ್ನ ಧ್ವನಿ ಮಾಯವಾಯಿತು. ಹಾಡು ಮುಗಿದ ಮೇಲೆ ಪ್ರತಿವರ್ಷ ತಪ್ಪದೆ ಬಂದು ಮೆಚ್ಚುವ ಒಬ್ಬ ಹಿರಿಯರು ಹತ್ತಿರ ಬಂದು, “ಯಾಕಮ್ಮ, ಗಂಟ್ಲು ಸರಿ ಇಲ್ವಾ? ಮೆಣಸಿನ ಕಷಾಯ ಕುಡಿ” ಎಂದರು.

ಊಟಕ್ಕೆ ಬಸವೇಶ್ವರನಗರದವಳು ನನ್ನ ಪಕ್ಕದ ಎಲೆಗೇ ಬಂದು ಕೂತಳು. ಹೋಳಿಗೆ ಬೇಡವೆಂದು ಕೈ ಅಡ್ಡ ಹಿಡಿದಳು. ಕೋಸಂಬರಿ ಕೆದಕುತ್ತ ಹೇಳಿದಳು.

“ನಿನ್ನ ಹುಡುಗೀನ ನೋಡಿ ಹೊಟ್ಟೆ ಉರಿದುಹೋಯ್ತು ಕಣೇ.”

“ನಿಂಗಾ?” ಎಂದೆ.

“ಇನ್ಯಾರಿಗೆ? ಎಲ್ಲರ ಎದುರಿಗೆ, ಗುರುಗಳ ತಂಬೂರಿ ಬಿರಡೆಗೆ ಕೈ ಹಾಕಿ ಇಳಿಸಿಕೊಟ್ಟೆ ಅವಳಿಗೆ. ನಂಗೆ ಆ ವಯಸ್ಸಲ್ಲಿ ಯಾರು ಇಳಿಸಿಕೊಟ್ರು? ನೀನೂ ಪಕ್ಕದಲ್ಲೇ ಕೂತಿದ್ದೆ.”

ಅವಳ ಎಲೆಗೆ ಇನ್ನಷ್ಟು ಕೋಸಂಬರಿ ಬಡಿಸಿದೆ. ಅವಳು ತಿಂದಳು.

ಮರುದಿನ ಬಾಗಿಲ ಹಿಂದಿನ ಹಾಳೆಯಲ್ಲಿ ಐದೂವರೆಯ ಸಾಲನ್ನು ಹೊಡೆದು ಹಾಕಿ, ‘ಅವರವರ ಗಂಟಲಿನ ಶ್ರುತಿ, ಟೀಚರ್ ನೋಡಿ ಹೇಳುತ್ತಾರೆ’ ಎಂದು ಬರೆದೆ. ಇನ್ನೊಬ್ಬರ ಬಳಿ ಹೋಗಬಾರದು ಎಂಬ ಸಾಲನ್ನು ಮುಟ್ಟಲಿಲ್ಲ. ಪೆನ್ನು ಕೈಯಲ್ಲೇ ಇತ್ತಲ್ಲ, ಅದರ ಕೆಳಗೊಂದು ಗೆರೆ ಎಳೆದೆ.

ಮಂಗಳವಾರ ಲ್ಯಾಬಿನವಳು ಬಂದಳು. ಡಬ್ಬಿ ಇಟ್ಟಳು, ಕೈ ತೊಳೆದಳು, ಹಾಳೆಯನ್ನು ಓದಿ ನಗು ನುಂಗಿಕೊಂಡು ಕೂತಳು. ನಾನು ಪೆಟ್ಟಿಗೆಯನ್ನು ನಾಲ್ಕೂವರೆಗೆ ತಿರುಗಿಸುತ್ತ, ಏನೂ ಅಲ್ಲವೆಂಬಂತೆ ಕೇಳಿದೆ.

“ಆ ಬಸವೇಶ್ವರನಗರದ ಮನೆಗೆ ರಕ್ತ ತೆಗೆಯೋಕೆ ನಿಮ್ಮ ಲ್ಯಾಬಲ್ಲಿ ಬೇರೆ ಯಾರೂ ಇಲ್ವಾ?”

“ಇದಾರೆ ಮಿಸ್. ಆದ್ರೆ ಅವರು ನನ್ನನ್ನೇ ಕಳಿಸಿ ಅಂತಾರೆ. ನಾನು ಚುಚ್ಚಿದ್ರೆ ನೋವೇ ಆಗಲ್ವಂತೆ.”

“ನನಗಾಗುತ್ತೆ” ಎಂದೆ. “ಹೂಂ, ಸ ಹಿಡಿ.”